ಥೋಲ್: ಅವ್ವ ಸಹಿಸಿದ ಬಗೆ

ಮೈಸೂರಿನ ಪತ್ರಿಕಾ ಕಚೇರಿಗೆ ನಾನು ಉಪಸಂಪಾದಕನಾಗಿ ಸೇರಿದಾಗ ಡೆಸ್ಕಿನ ಮೂಲೆಯಲ್ಲಿ ರಟ್ಟು ಕಿತ್ತುಹೋದ ಒಂದು ದಪ್ಪ ಇಂಗ್ಲಿಷ್ ನಿಘಂಟು ಇತ್ತು. ಅನುಮಾನ ಬಂದರೆ ಅದನ್ನು ತೆರೆದು ನೋಡಬೇಕು, ಊಹಿಸಿ ಬರೆಯಕೂಡದು ಎಂಬುದು ನಮ್ಮ ಮುಖ್ಯ ಉಪಸಂಪಾದಕರ ಕಟ್ಟಪ್ಪಣೆ. ತೊಂಬತ್ತರ ದಶಕದ ನಡುವಿನ ಒಂದು ಮಧ್ಯಾಹ್ನ ಥೋರಿಯಂ ಕುರಿತ ಸುದ್ದಿಯೊಂದನ್ನು ಕನ್ನಡ ಮಾಡುತ್ತಿದ್ದೆ. ಅದಕ್ಕಾಗಿ ಪುಟ ತಿರುವಿದಾಗ ಸ್ವಲ್ಪ ಮೇಲೆ ಥೋಲ್ ಎಂಬ ಕ್ರಿಯಾಪದ ಕಂಡಿತು. ಅದುವರೆಗೆ ಆ ಪದವನ್ನು ನಾನು ಎಲ್ಲಿಯೂ ಓದಿರಲಿಲ್ಲ, ಯಾರ ಬಾಯಲ್ಲೂ ಕೇಳಿರಲಿಲ್ಲ.

ನಿಘಂಟಿನ ಪ್ರಕಾರ ಅದರ ಮೊದಲ ಅರ್ಥ ಸಹಿಸುವುದು. ಆಮೇಲಿನವು ಅನುಭವಿಸುವುದು, ತಾಳ್ಮೆಯಿಂದ ಕಾಯುವುದು, ಆಗುವುದನ್ನು ಆಗಗೊಡುವುದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದರ ರೂಪ ಥೋಲಿಯನ್ ಎಂದಿತ್ತು. ಆಗ ಅದಕ್ಕೆ ಕಳೆದುಕೊಳ್ಳುವುದು ಎಂಬ ಅರ್ಥವೂ ಇತ್ತು. ಇಂಗ್ಲೆಂಡಿನ ದಕ್ಷಿಣದಲ್ಲಿ ಪದ ಸತ್ತುಹೋಗಿದೆ. ಉತ್ತರದ ಹಳ್ಳಿಗಳಲ್ಲಿ, ಸ್ಕಾಟ್ಲೆಂಡಿನಲ್ಲಿ ಇನ್ನೂ ಆಡುಮಾತಿನಲ್ಲಿದೆ. ಮೂಲಧಾತುವಿನ ಅರ್ಥ ಎತ್ತುವುದು, ಹೊರುವುದು. ಆಕಾಶವನ್ನು ಹೆಗಲ ಮೇಲೆ ಹೊತ್ತ ಗ್ರೀಕರ ಅಟ್ಲಾಸನ ಹೆಸರೂ ಸಂಸ್ಕೃತದ ತುಲಾ ಎಂಬ ಪದವೂ ಅದೇ ಧಾತುವಿನವು. ನಂಜನಗೂಡಿನಲ್ಲಿ ಬೆಳೆದವನಿಗೆ ತುಲಾಭಾರ ಹೊಸದಲ್ಲ. ಒಂದು ತಟ್ಟೆಯಲ್ಲಿ ಮಗುವನ್ನು ಕೂರಿಸಿ ಇನ್ನೊಂದರಲ್ಲಿ ಬೆಲ್ಲದಚ್ಚು ಪೇರಿಸುವುದನ್ನು ಗುಡಿಯಲ್ಲಿ ಬೇಕಾದಷ್ಟು ನೋಡಿದ್ದೆ.

ಕೊನೆಗೆ ಒಂದು ಕಾನೂನಿನ ಮಾತು ಇತ್ತು. ಸ್ಕಾಟ್ಲೆಂಡಿನಲ್ಲಿ ಒಬ್ಬ ತನ್ನ ವಿಚಾರಣೆಯನ್ನು ಒಮ್ಮೆ ‘ಥೋಲ್’ ಮಾಡಿದನೆಂದರೆ, ಅಂದರೆ ಕಟಕಟೆಯಲ್ಲಿ ನಿಂತು ಕೊನೆಯವರೆಗೆ ಅನುಭವಿಸಿದನೆಂದರೆ, ಅದೇ ಆರೋಪದ ಮೇಲೆ ಅವನನ್ನು ಮತ್ತೆ ವಿಚಾರಣೆಗೆ ನಿಲ್ಲಿಸುವಂತಿಲ್ಲ.

ನಾನು ಆ ಸಾಲನ್ನು ಎರಡು ಸಲ ಓದಿದೆ. ನನ್ನ ಅವ್ವ ತನ್ನ ವಿಚಾರಣೆಯನ್ನು ಅನುಭವಿಸಿ ಮುಗಿಸಿದ್ದಳು. ಆದರೂ ಪ್ರತಿ ಮದುವೆ, ಪ್ರತಿ ತಿಥಿಯಲ್ಲಿ ಅವಳನ್ನು ಮತ್ತೆ ನಿಲ್ಲಿಸುತ್ತಿದ್ದರು.

ಅಪ್ಪನ ಹುಟ್ಟೂರು ತಿ. ನರಸೀಪುರ ತಾಲ್ಲೂಕಿನಲ್ಲಿ, ಸೋಮನಾಥಪುರದಿಂದ ನಡೆದು ಹೋಗುವಷ್ಟು ದೂರದ ಒಂದು ಹಳ್ಳಿ. ಅಲ್ಲಿನ ಮನೆ, ಜಮೀನು ನೋಡಿಕೊಳ್ಳುತ್ತಿದ್ದವನು ದೊಡ್ಡಪ್ಪ. ಅಪ್ಪ ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಾಗಿ ಒಕ್ಕಣೆ ಮುಗಿದು ಹಗೇವು ತುಂಬುವ ದಿನ ಮಾತ್ರ ನಾವೆಲ್ಲ ಅಲ್ಲಿಗೆ ಹೋಗಲೇಬೇಕಿತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಆ ಮನೆಯದು ಬಾಗಿಲ ಮುಂದೆ, ಬೀದಿಯಲ್ಲೇ ಇತ್ತು. ಕತ್ತು ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಸುತ್ತ ರಾಗಿಹುಲ್ಲು ಒತ್ತಿ, ರಾಗಿ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಎಷ್ಟು ವರ್ಷ ಬಿಟ್ಟರೂ ಕಾಳು ಕೆಡುವುದಿಲ್ಲ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ರಾಗಿ ಹಗೇವಿಗೆ ಇಳಿಯುವಾಗ ಹೆಂಗಸರು ಮೈಮೇಲಿನ ಚಿನ್ನ ಬಿಚ್ಚಿಡಬೇಕು. ಮನೆ ಕಾಯುವ ಕಾಳಿನ ಮುಂದೆ ಚಿನ್ನ ತೋರಿಸಿದರೆ ಲಕ್ಷ್ಮಿ ಮುನಿಯುತ್ತಾಳೆ ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿಯ ಮಾತಿಗೆ ಆ ಮನೆಯಲ್ಲಿ ಎದುರಿರಲಿಲ್ಲ. ತಾಳಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಡುಗೆಮನೆಯ ಗೋಡೆಗೂಡಿನಲ್ಲಿ ಇಟ್ಟು ಸೊಸೆಯರು ಬೀದಿಗೆ ಬರುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಸಂಕ್ರಾಂತಿ ಕಳೆದ ಮೇಲೆ ಹಗೇವು ತುಂಬಿದರು. ಮಾರನೆಯ ಬೆಳಿಗ್ಗೆ ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ತನ್ನ ಗುಂಡಿನ ಸರ ಕಾಣುತ್ತಿಲ್ಲ ಎಂದಳು. ಬಿಚ್ಚಿ ಗೂಡಿನಲ್ಲಿ ಇಟ್ಟಿದ್ದೆ, ಬೆಳಗಾಗುವಷ್ಟರಲ್ಲಿ ಇಲ್ಲ ಎಂದಳು. ಅಡುಗೆಮನೆಯಲ್ಲಿ ಮಲಗಿದ್ದವಳು ಅವ್ವ ಒಬ್ಬಳೇ. ಅವ್ವನ ಗಂಟು ಬಿಚ್ಚಿಸಿದರು, ಸೀರೆಗಳನ್ನು ಒಂದೊಂದಾಗಿ ಒದರಿಸಿದರು. ಏನೂ ಸಿಗಲಿಲ್ಲ. ಸಿಗದೆ ಇದ್ದದ್ದೇ ಅನುಮಾನವನ್ನು ಹೆಚ್ಚಿಸಿತು. ಅಷ್ಟು ಹೊತ್ತಿಗೆ ಸರ ನಂಜನಗೂಡು ಸೇರಿರಬೇಕು ಎಂದರು.

ಪೊಲೀಸರವರೆಗೆ ಹೋಗಬಾರದು ಎಂದು ಊರಿನ ಹಿರಿಯರು ಹೇಳಿದರು. ಅವ್ವ ತಾನೇ ಪ್ರಮಾಣ ಮಾಡುತ್ತೇನೆ ಎಂದಳು. ಅದರ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಕಪಿಲೆಯಲ್ಲಿ ಮುಳುಗಿ, ಸೀರೆ ಹಿಂಡದೆ ಒದ್ದೆಯಲ್ಲೇ ನಂಜುಂಡನ ಗುಡಿಯ ಮುಂದೆ ಬಂದು ನಿಂತು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಇಡಬೇಕು. ಅಲ್ಲಿಂದ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಕಾಯಬೇಕು. ಅಷ್ಟರೊಳಗೆ ಆಣೆ ಇಟ್ಟವರ ಮನೆಯಲ್ಲಿ ಕೇಡಾಗದಿದ್ದರೆ ಅವರು ನಿರ್ದೋಷಿಗಳು. ಆಗ ಆರೋಪ ಹೊರಿಸಿದವರು ತಪ್ಪುಕಾಣಿಕೆ ಕಟ್ಟಿ, ಅವರ ಕೈಗೆ ವೀಳ್ಯ ಕೊಡಬೇಕು. ವೀಳ್ಯ ತೆಗೆದುಕೊಂಡ ಮೇಲೇ ಅಪವಾದ ಇಳಿಯುವುದು.

ನಾನು ಒಣ ಸೀರೆ ಹಿಡಿದು ಗುಡಿಯ ಮುಂದೆ ನಿಂತಿದ್ದೆ. ಅವ್ವ ಮೆಟ್ಟಿಲು ಹತ್ತಿ ಬಂದ ದಾರಿಯಲ್ಲೆಲ್ಲ ನೀರು ಬಿದ್ದಿತ್ತು. ಹಿರಿಯರು ನಾಲ್ಕೈದು ಜನ ಇದ್ದರು. ದೊಡ್ಡವ್ವ ಕಂಬದ ಮಗ್ಗುಲಲ್ಲಿ ನಿಂತು ಸೆರಗಿನ ತುದಿ ಕಡಿಯುತ್ತಿದ್ದಳು. ಕರ್ಪೂರ ಆರಿಸುವಾಗ ಅವ್ವ ದೇವರನ್ನು ನೋಡಲಿಲ್ಲ, ದೊಡ್ಡವ್ವನನ್ನೇ ನೋಡಿದಳು.

ಮಂಡಲ ಇನ್ನೂ ಅರ್ಧ ಕಳೆದಿರಲಿಲ್ಲ. ಹುರುಳಿ ಕೊಯ್ಲಿನ ಕಾಲ. ಬಸ್ಸು, ಲಾರಿಯ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ರೈತರು ಗಿಡವನ್ನು ಕಿತ್ತು ಟಾರು ರಸ್ತೆಯ ಮೇಲೇ ಹರಡುತ್ತಾರೆ. ಮೈಸೂರಿನಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ ಅಪ್ಪ ತಾಂಡವಪುರದ ಹತ್ತಿರ ಅಂಥ ಸೊಪ್ಪಿನ ಮೇಲೆ ಜಾರಿ ಬಿದ್ದ. ಮೊಣಕಾಲ ಕೆಳಗೆ ಮೂಳೆ ಮುರಿಯಿತು. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಬಿದ್ದವನು ಅವನೊಬ್ಬನೇ ಅಲ್ಲ ಎಂದು ಆಸ್ಪತ್ರೆಯ ಕಾಂಪೌಂಡರ್ ಹೇಳಿದ. ಊರಿಗೆ ಆ ವಿವರ ಬೇಕಿರಲಿಲ್ಲ. ನಂಜುಂಡ ತೀರ್ಪು ಕೊಟ್ಟ ಎಂದರು.

ಅಲ್ಲಿಂದ ಮುಂದೆ ಅವ್ವ ಕಳ್ಳಿ. ಯಾರೂ ಎದುರಿಗೆ ಹಾಗೆ ಅನ್ನಲಿಲ್ಲ. ನರಸೀಪುರದ ಛತ್ರದಲ್ಲಿ ನಡೆದ ಒಂದು ಮದುವೆಯಲ್ಲಿ ಹೆಣ್ಣಿನ ಕೋಣೆಯಲ್ಲಿಟ್ಟಿದ್ದ ಅವ್ವನ ಬ್ಯಾಗನ್ನು ಯಾರೋ ತಂದು ವರಾಂಡದಲ್ಲಿ ಇಟ್ಟಿದ್ದರು. ಇನ್ನೊಂದು ಮನೆಯಲ್ಲಿ ಅವಳು ಒಳಗೆ ಹೋಗುತ್ತಿದ್ದಂತೆ ಬೀರುವಿನ ಬೀಗ ತಿರುಗಿದ ಸದ್ದನ್ನು ನಾನೇ ಕೇಳಿದೆ. ಇನ್ನು ಅಲ್ಲಿಗೆಲ್ಲ ಹೋಗಬೇಡ ಎಂದು ನಾನು ಅವಳಿಗೆ ಹೇಳಿದೆ.

“ಓಗ್ದೆ ಇದ್ರೆ ಕದ್ದೋಳು ಅದ್ಕೇ ಬರ್ನಿಲ್ಲ ಅಂತಾರೆ,” ಎಂದಳು. “ಓಯ್ತೀನಿ. ಉಂಡು ಬತ್ತೀನಿ.”

ಹಾಗೇ ಹೋದಳು. ಯಾವುದನ್ನೂ ತಪ್ಪಿಸಲಿಲ್ಲ. ನೆಂಟರಲ್ಲಿ ವಯಸ್ಸಾದ ಹೆಂಗಸರು ಅವಳನ್ನು ತಾಳ್ಮೆಯ ತಾಯಿ ಎಂದು ಹೊಗಳುವುದೂ ಇತ್ತು. ಹೊಗಳುತ್ತಲೇ ತಮ್ಮ ಕೈಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು.

ನಿಘಂಟಿನಲ್ಲಿ ಥೋಲ್ ಸಿಕ್ಕಿದ ದಿನ ನಾನು ಆ ನಮೂದನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಪರೀಕ್ಷಿಸಿದೆ. ಸಹಿಸು, ಅನುಭವಿಸು, ಕಾಯು, ಆಗಗೊಡು, ಕಳೆದುಕೊಳ್ಳು. ಕ್ಷಮಿಸು ಎಂಬ ಅರ್ಥ ಎಲ್ಲಿಯೂ ಇರಲಿಲ್ಲ. ಮರೆತುಬಿಡು ಎಂಬುದೂ ಇರಲಿಲ್ಲ. ಈ ಎರಡು ಅರ್ಥಗಳನ್ನು ಸಹನೆಗೆ ಯಾರು ಸೇರಿಸಿದರು ಎಂದು ಯೋಚಿಸಿದೆ. ಅಪಕಾರ ಮಾಡಿದವರೇ ಸೇರಿಸಿರಬೇಕು. ಅವರಿಗೆ ಅದರಿಂದ ಅನುಕೂಲವಿದೆ. ಪದ ಹುಟ್ಟಿದ ಕಾಲದ ಜನಕ್ಕೆ ಭಾರ ಹೊರುವುದು ಒಂದು ಕೆಲಸ, ಭಾರ ಕೊಟ್ಟವನನ್ನು ಪ್ರೀತಿಸುವುದು ಬೇರೆಯದೇ ಕೆಲಸ. ಒಂದನ್ನು ಮಾಡಿದವರು ಇನ್ನೊಂದನ್ನೂ ಮಾಡಬೇಕೆಂದು ಅವರು ಕೇಳಿರಲಿಲ್ಲ. ಇದನ್ನು ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

“ನಮ್ ದೇವ್ರನ್ನೇ ನೋಡ್ಲಾ,” ಎಂದಳು. “ನಂಜ ನುಂಗ್ದ್ನಾ? ಇಲ್ಲ. ಉಗುಳುದ್ನಾ? ಅದೂ ಇಲ್ಲ. ಗಂಟ್ಲಲ್ಲೇ ಮಡಿಕ್ಕಂಡವ್ನೆ.”

ಆ ದಶಕದ ಕೊನೆಗೆ ಹಳ್ಳಿಯಲ್ಲಿ ಬೀದಿಗೆ ಸಿಮೆಂಟು ಹಾಕುವ ಕೆಲಸ ಬಂತು. ಚರಂಡಿ ತೋಡಬೇಕಿತ್ತು, ಬೀದಿಯಲ್ಲಿದ್ದ ಹಳೆಯ ಹಗೇವುಗಳನ್ನು ಬರಿದು ಮಾಡಿ ಮುಚ್ಚಬೇಕೆಂದು ಪಂಚಾಯಿತಿಯವರು ಹೇಳಿದರು. ಅಷ್ಟರಲ್ಲಿ ಮನೆಗಳಲ್ಲಿ ಅನ್ನ ಹೆಚ್ಚಾಗಿತ್ತು, ರಾಗಿ ಗೋಣಿಚೀಲದಲ್ಲಿ ಇರುತ್ತಿತ್ತು. ದೊಡ್ಡಪ್ಪನ ಮನೆಯ ಹಗೇವನ್ನು ಆ ಸಂಕ್ರಾಂತಿಯ ನಂತರ ಯಾರೂ ತೆರೆದಿರಲಿಲ್ಲ. ಅಜ್ಜಿ ತೀರಿಕೊಂಡಿದ್ದಳು.

ಕಲ್ಲು ಎತ್ತಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಆಳು ಇಳಿದ. ಬೀದಿಯವರೆಲ್ಲ ನೋಡುತ್ತ ನಿಂತಿದ್ದರು. ಕತ್ತಿನ ಹತ್ತಿರ ಒತ್ತಿದ್ದ ಹುಲ್ಲನ್ನು ಎಳೆದು ಮೇಲಕ್ಕೆ ಎಸೆದಾಗ ಅದರ ಜೊತೆ ಗುಂಡಿನ ಸರ ಬಂದು ಬೀದಿಗೆ ಬಿತ್ತು.

ವಿಷಯ ನನಗೆ ಅದೇ ಸಂಜೆ ಕಚೇರಿಯ ಫೋನಿಗೆ ಬಂತು. ಒಬ್ಬರ ಮಾತನ್ನು ನಂಬಬಾರದೆಂಬುದು ವೃತ್ತಿಯ ಅಭ್ಯಾಸ. ಮಾರನೆಯ ದಿನ ರಜೆ ಹಾಕಿ ಹಳ್ಳಿಗೆ ಹೋಗಿ, ಹಗೇವಿಗಿಳಿದ ಆಳನ್ನೂ ಎದುರು ಮನೆಯ ಮುದುಕಿಯನ್ನೂ ಬೇರೆ ಬೇರೆಯಾಗಿ ವಿಚಾರಿಸಿದೆ. ಇಬ್ಬರ ಹೇಳಿಕೆಯೂ ಒಂದೇ ಆಗಿತ್ತು. ಸರ ಹುಲ್ಲಿನಲ್ಲಿ ಸಿಕ್ಕಿದ ಮೇಲೆ ಉಳಿದದ್ದು ತಾನಾಗಿ ತಿಳಿಯುವಂತಿತ್ತು: ದೊಡ್ಡವ್ವ ಆ ದಿನ ಸರ ಬಿಚ್ಚಿರಲಿಲ್ಲ. ಸೆರಗಿನೊಳಗೆ ಮುಚ್ಚಿಕೊಂಡು ಬಂದಿದ್ದಳು. ಬಗ್ಗಿ ಹುಲ್ಲು ಒತ್ತುವಾಗ ಕೊಂಡಿ ಬಿಚ್ಚಿ ಬಿತ್ತು. ಕಟ್ಟಳೆ ಮುರಿದದ್ದು ಅಜ್ಜಿಗೆ ಗೊತ್ತಾದರೆ ಬೈಗುಳ ತಪ್ಪದು ಎಂದು ಗೂಡಿನಲ್ಲಿ ಇಟ್ಟಿದ್ದೆ ಎಂದಳು. ಸರ ಎಲ್ಲಿ ಬಿತ್ತೆಂಬುದು ಅವಳಿಗೆ ತಿಳಿಯದೆ ಇರಬಹುದು. ಗೂಡಿನಲ್ಲಿ ಇಡಲಿಲ್ಲ ಎಂಬುದು ತಿಳಿದಿತ್ತು. ಅದನ್ನು ತಿಳಿದುಕೊಂಡೇ ಅವಳು ಗುಡಿಯ ಮುಂದೆ ನಿಂತು ಅವ್ವನ ಮೈಯಿಂದ ನೀರು ಇಳಿಯುವುದನ್ನು ನೋಡಿದ್ದಳು.

ನಾನು ರಾಗದ್ವೇಷವಿಲ್ಲದ ಭಾಷೆಯಲ್ಲಿ ಚೌಕಟ್ಟಿನೊಳಗೆ ಹಾಕುವಂಥ ಒಂದು ಬಾಕ್ಸ್ ಐಟಂ ಬರೆದೆ. ಹೆಸರುಗಳಿರಲಿಲ್ಲ, ಊರಿತ್ತು. ತಾಲ್ಲೂಕಿನಲ್ಲಿ ಯಾರನ್ನು ಕುರಿತದ್ದೆಂದು ತಿಳಿಯದವರು ಇರುತ್ತಿರಲಿಲ್ಲ. ಅಚ್ಚಿಗೆ ಕೊಡುವ ಮುಂಚೆ ಅವ್ವನಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ ಬೇಡ ಎಂದಳು.

“ಪೇಪರ್ನಾಗೆ ನಾಳಿಕ್ಕೆ ಬೋಂಡ ಕಟ್ತಾರೆ ಕಣ್ಲಾ. ನೀನ್ ಬರಿಯೋದಲ್ಲ, ಅವ್ಳು ಬಾಯ್ಬುಟ್ಟು ಯೋಳ್ಬೇಕು.”

ಹಾಳೆಯನ್ನು ಹರಿದು ಹಾಕಿದೆ. ಅವಳು ಹೇಳಿದ್ದರಲ್ಲಿ ನನ್ನದಕ್ಕಿಂತ ಹೆಚ್ಚು ನಂಜಿತ್ತು.

ಮುಂದಿನ ವಾರ ದೊಡ್ಡಪ್ಪ ಒಬ್ಬನೇ ನಂಜನಗೂಡಿಗೆ ಬಂದ. ತಟ್ಟೆಯಲ್ಲಿ ಎಲೆ ಅಡಿಕೆ, ನಮ್ಮೂರಿನ ರಸಬಾಳೆ, ಒಂದು ಸೀರೆ. ಏನೋ ಗ್ರಹಚಾರ ಎಂದ. ದೊಡ್ಡವ್ವನಿಗೆ ಮಂಡಿನೋವು, ಬಸ್ಸು ಹತ್ತಲು ಆಗುವುದಿಲ್ಲ ಎಂದ. ಅಪ್ಪ ಅಣ್ಣನ ಮುಖ ನೋಡಲಾರದೆ ಊರುಗೋಲು ಹಿಡಿದು ಹಿತ್ತಲಿಗೆ ಹೋದ. ದೊಡ್ಡಪ್ಪ ತಾಳಿದವನು ಬಾಳಿಯಾನು ಎಂಬ ಗಾದೆ ಹೇಳಿದ. ಅವ್ವ ಅವನಿಗೆ ಕಾಫಿ ಕೊಟ್ಟಳು. ತಟ್ಟೆಯನ್ನು ಮುಟ್ಟಲಿಲ್ಲ.

“ಭಾವ, ತಾಳ್ದೋಳು ನಾನು. ಬಾಳ್ದೋಳು ಅಕ್ಕ,” ಎಂದಳು. “ತಟ್ಟೆ ತಗಂಡೋಗಿ. ಕಳ್ಳಿ ಅಂದೋಳು ಬರ್ಲಿ.”

ಅವನು ತಟ್ಟೆ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದ. ಬಾಳೆಹಣ್ಣನ್ನಾದರೂ ಇಟ್ಟು ಹೋಗುತ್ತೇನೆ ಎಂದಾಗ ಅವ್ವ ಅದನ್ನೂ ಬೇಡವೆಂದಳು.

ಹೀಗೆ ಎರಡು ಮೂರು ವರ್ಷ ನಡೆಯಿತು. ಅವ್ವ ಅವರ ಮನೆಯ ಕಾರ್ಯಗಳಿಗೂ ಹೋಗುತ್ತಿದ್ದಳು. ವೀಳ್ಯದ ತಟ್ಟೆ ಎದುರಿಗೆ ಬಂದರೆ “ಇರ್ಲಿ, ಅಲ್ಲಿಡಿ” ಎನ್ನುತ್ತಿದ್ದಳು. ತಟ್ಟೆ ಅಲ್ಲೇ ಇರುತ್ತಿತ್ತು. ಎಲೆ ಬಾಡುವುದನ್ನು ಬಂದವರೆಲ್ಲ ನೋಡುತ್ತಿದ್ದರು. ಈಗ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದವಳು ದೊಡ್ಡವ್ವ. ಥೋಲ್ ಎಂಬ ಕ್ರಿಯಾಪದದ ಕರ್ತೃ ಬದಲಾದದ್ದನ್ನು ನಾನು ಸಂತೋಷದಿಂದ ಗಮನಿಸಿದೆ. ತಕ್ಕಡಿಯ ಇನ್ನೊಂದು ತಟ್ಟೆಗೂ ಭಾರ ಬೀಳಲಿ ಎಂದು ಕಾದವನಿಗೆ ಅದು ಬಿದ್ದಾಗ ಸಂತೋಷವಾಗದೆ ಇರುವುದಿಲ್ಲ.

ದೊಡ್ಡಪ್ಪನ ಮಗನಿಗೆ ಹೆಣ್ಣು ಗೊತ್ತಾಯಿತು. ಹೆಣ್ಣಿನ ಕಡೆಯವರು ಕಟ್ಟುನಿಟ್ಟಿನ ಜನ. ಆ ಮನೆಯ ಮೇಲೆ ತೆಗೆದುಕೊಳ್ಳದ ವೀಳ್ಯ ಒಂದಿದೆ ಎಂದು ಅವರಿಗೆ ಯಾರೋ ಹೇಳಿದರು. ಅದು ಇತ್ಯರ್ಥವಾಗದೆ ಚಪ್ಪರ ಹಾಕಬೇಡಿ ಎಂದು ಅವರು ಹೇಳಿ ಕಳಿಸಿದರು. ಹೇಳಿದವನು ನಾನಲ್ಲ. ಯಾರೆಂದು ಗೊತ್ತಿದ್ದರೆ ಹೋಗಿ ಕೈ ಮುಗಿಯುತ್ತಿದ್ದೆ.

ಆಗ ದೊಡ್ಡವ್ವನ ಮಂಡಿನೋವು ಬಸ್ಸು ಹತ್ತುವಷ್ಟು ವಾಸಿಯಾಯಿತು. ಒಂದು ಸೋಮವಾರ ಬೆಳಿಗ್ಗೆ ಬಂದವಳು ನಮ್ಮ ಮನೆಗೆ ಬರಲಿಲ್ಲ. ನೇರ ಹೊಳೆಗೆ ಹೋಗಿ ಮುಳುಗಿ, ಒದ್ದೆ ಸೀರೆಯಲ್ಲಿ ಗುಡಿಯ ಮುಂದೆ ನಿಂತು ಅವ್ವನಿಗೆ ಹೇಳಿ ಕಳಿಸಿದಳು. ಅವ್ವ ಹಾಲು ಕಾಯಿಸಿ ಇಳಿಸಿ, ತಲೆ ಬಾಚಿಕೊಂಡು, ಯಾವ ಆತುರವೂ ಇಲ್ಲದೆ ಹೊರಟಳು. ನಾನು ಜೊತೆಗೆ ಹೋದೆ. ಗಾಳಿ ಬೀಸುತ್ತಿತ್ತು. ದೊಡ್ಡವ್ವ ನಡುಗುತ್ತಿದ್ದಳು. ಬೇಕೆಂದು ಮಾಡಿದ್ದಲ್ಲ ಎಂದು ಆಣೆ ಇಟ್ಟು ಕರ್ಪೂರ ಆರಿಸಿದಳು. ಆರಿಸಿ ತಟ್ಟೆ ಚಾಚಿದಳು.

ಅವ್ವ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಆಣೆ ಇಟ್ಟಿದ್ದಾಯ್ತಲ್ಲಕ್ಕ. ಈಗ್ಲೇ ಯಾಕೆ ವೀಳ್ಯ? ಒಂದು ಮಂಡ್ಲ ಕಳೀಲಿ. ನಿಮ್ಮನೇಲಿ ಏನಾಯ್ತದೆ ನೋಡವ.”

ದೊಡ್ಡವ್ವ ತಟ್ಟೆಯನ್ನು ಹಾಗೇ ಹಿಡಿದುಕೊಂಡಿದ್ದಳು. ಅವ್ವ ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದಳು.

ಮದುವೆ ಮುಂದಕ್ಕೆ ಹೋಯಿತು. ಆ ಮಂಡಲದಲ್ಲಿ ದೊಡ್ಡಪ್ಪ ಸೈಕಲ್ಲು ಹತ್ತಲಿಲ್ಲ, ಮಗನನ್ನು ಪಂಪ್‌ಸೆಟ್ಟಿನ ಹತ್ತಿರ ಬಿಡಲಿಲ್ಲ. ಸಂಜೆಯಾದರೆ ಎಲ್ಲರೂ ಮನೆ ಸೇರಿದ್ದಾರೆಯೇ ಎಂದು ದೊಡ್ಡವ್ವ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳಂತೆ. ನಾನು ನರಸೀಪುರದ ನಮ್ಮ ಪತ್ರಿಕೆಯ ಏಜೆಂಟರಿಗೆ ಆಗಾಗ ಫೋನು ಮಾಡಿ ಆ ಊರಿನ ಸಮಾಚಾರ ಕೇಳುತ್ತಿದ್ದೆ. ಯಾರದಾದರೂ ಕಾಲು ಮುರಿಯಲಿ ಎಂದು ಬಯಸಿದೆ. ಈಗಲೂ ಆ ಬಯಕೆ ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಕಾಲು ಮುರಿಯಲಿಲ್ಲ. ಅವರ ಸೀಮೆಹಸು ಸತ್ತ ಕರು ಹಾಕಿತು. ಬೀದಿಯವರು ಮಾತಾಡಿಕೊಂಡರು. ದೊಡ್ಡವ್ವ ಎರಡು ದಿನ ಅನ್ನ ಮುಟ್ಟಲಿಲ್ಲ ಎಂದು ಏಜೆಂಟರು ಹೇಳಿದರು. ಅವ್ವನಿಗೆ ತಿಳಿಸಿದೆ. ಕರು ಸತ್ತದ್ದಕ್ಕೂ ಆಣೆಗೂ ಏನು ಸಂಬಂಧ ಎಂದಳು. ಹುರುಳಿ ಸೊಪ್ಪಿಗೂ ತನಗೂ ಇರಲಿಲ್ಲವಲ್ಲ ಎಂದಳು.

“ಸಂಬಂಧ ಇಲ್ಲ ಅಂತ ನಂಗೊತ್ತು. ಅವ್ಳಿಗೆ ಗೊತ್ತಾಗೋದು ಬ್ಯಾಡ.”

ಮಂಡಲ ಕಳೆದ ಮೇಲೆ ನಾವಿಬ್ಬರೂ ಹಳ್ಳಿಗೆ ಹೋದೆವು. ಅಪ್ಪ ಬರಲಿಲ್ಲ. ವೀಳ್ಯವನ್ನು ಮನೆಯೊಳಗೆ ತೆಗೆದುಕೊಳ್ಳುವುದಿಲ್ಲ, ಹಗೇವಿದ್ದ ಕಡೆ, ಬೀದಿಯಲ್ಲೇ ಆಗಲಿ ಎಂದು ಅವ್ವ ಮೊದಲೇ ಹೇಳಿ ಕಳಿಸಿದ್ದಳು. ಅಲ್ಲಿ ಈಗ ಸಿಮೆಂಟು ಹಾಕಿತ್ತು. ಗುಡಿಯ ಮುಂದೆ ಅಂದು ನಿಂತಿದ್ದ ಹಿರಿಯರಲ್ಲಿ ಇಬ್ಬರು ಇನ್ನೂ ಬದುಕಿದ್ದರು. ಅವರನ್ನು ಕುರ್ಚಿ ಹಾಕಿ ಕೂರಿಸಿದ್ದರು. ಜಗಲಿಗಳ ಮೇಲೆ ಜನ ತುಂಬಿದ್ದರು. ಹೆಣ್ಣಿನ ಕಡೆಯಿಂದಲೂ ಒಬ್ಬರು ಬಂದಿದ್ದರು.

ದೊಡ್ಡವ್ವ ತಟ್ಟೆ ಹಿಡಿದು ಬಂದಳು. ಅವ್ವ ಕೈ ಚಾಚಲಿಲ್ಲ.

“ಸರ ಎಲ್ಲಿತ್ತು ಅಂತ ಯೋಳಕ್ಕ.”

“ಅಗೇವಲ್ಲಿತ್ತು,” ಎಂದಳು ದೊಡ್ಡವ್ವ. ನನಗೂ ಸರಿಯಾಗಿ ಕೇಳಿಸಲಿಲ್ಲ.

“ಆ ಕಡೆ ಜಗ್ಲಿಯೋರಿಗೆ ಕೇಳುಸ್ನಿಲ್ಲ.”

“ಸರ ಅಗೇವಲ್ಲಿತ್ತು. ಇವ್ಳು ತಗಂಡಿರ್ನಿಲ್ಲ.”

“ಗೂಡಲ್ಲಿ ಮಡಗಿದ್ದೆ ಅಂದಿದ್ದು?”

ದೊಡ್ಡಪ್ಪ ಸಾಕು ಎಂಬಂತೆ ಕೈ ಎತ್ತಿದ. ಅವ್ವ ಅವನ ಕಡೆ ತಿರುಗಲೇ ಇಲ್ಲ.

“ಸುಳ್ಳು,” ಎಂದಳು ದೊಡ್ಡವ್ವ. “ನಾನಾಡಿದ್ದು ಸುಳ್ಳು ಕಣವ್ವ.”

ಅವ್ವ ಎಲೆ ಅಡಿಕೆ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿದಳು. ಹಿರಿಯರಿಬ್ಬರೂ ಎದ್ದು ನಿಂತರು. ಒಬ್ಬ ಏನೋ ಸಮಾಧಾನದ ಮಾತು ಶುರು ಮಾಡಿದ. ಅವ್ವ ಅವನಿಗೆ, ಅಪ್ಪನ ಕಾಲು ಇನ್ನೂ ನೆಟ್ಟಗಾಗಿಲ್ಲ, ಈಗ ನಂಜುಂಡ ಏನು ತೀರ್ಪು ಕೊಟ್ಟನೆಂದು ಹೇಳಿ ಎಂದು ಕೇಳಿದಳು. ಅವನು ಕೂತುಕೊಂಡ.

ಊಟಕ್ಕೆ ಎಲೆ ಹಾಕಿದ್ದರು. ಬಸ್ಸಿಗೆ ಹೊತ್ತಾಯಿತು ಎಂದು ಅವ್ವ ಹೊರಟಳು. ಸೊಸೆಯಾಗಬೇಕಾದವಳ ಕಡೆಯವರ ಎದುರಿಗಾದರೂ ಒಂದು ಲೋಟ ಮಜ್ಜಿಗೆ ಕುಡಿ ಎಂದು ದೊಡ್ಡಪ್ಪ ಬೇಡಿಕೊಂಡ. ಬಾಯಾರಿಕೆ ಇಲ್ಲ ಭಾವ ಎಂದಳು. ಬಿಸಿಲಲ್ಲಿ ಮುಖ್ಯ ರಸ್ತೆಯವರೆಗೆ ನಡೆದು, ಸಿಕ್ಕಿದ ಬಸ್ಸಿನಲ್ಲಿ ನಿಂತುಕೊಂಡೇ ನರಸೀಪುರಕ್ಕೆ ಬಂದೆವು.

ನಿಲ್ದಾಣದ ಅಂಗಡಿಯಲ್ಲಿ ಅವ್ವ ಗೋಲಿ ಸೋಡಾ ಕೇಳಿದಳು. ಉಪ್ಪು, ನಿಂಬೆಹಣ್ಣು ಹಾಕಿಸಿಕೊಂಡು ಬಾಟಲಿ ಕೆಳಗಿಡದೆ ಕುಡಿದಳು. ಮದುವೆಗೆ ಹೋಗುತ್ತೀಯಾ ಎಂದು ಕೇಳಿದೆ.

“ಓಗ್ದೆ?” ಎಂದಳು. “ಮುಂದ್ಗಡೆ ಸಾಲಲ್ಲೇ ಕೂತ್ಕತೀನಿ. ಅವ್ಳು ತಲೆ ಎತ್ದಾಗೆಲ್ಲ ನಾನೇ ಕಾಣ್ಬೇಕು.”

ಅಂಗಡಿಯವನಿಗೆ ಇನ್ನೊಂದು ಸೋಡಾ ಕೊಡು ಎಂದಳು.